ಯಾರ ಬಾಯಿಂದ ಬಂದ ಹೆಸರು? ಭಿನ್ನಮತದವರನ್ನು ಜಪಾನಿ ಭಾಷೆಗೆ ತರುವಾಗ

ಬೈಕಿನ ಬಿಡಿಭಾಗದ ಪಟ್ಟಿಯನ್ನೋ ಸಾಫ್ಟ್‌ವೇರ್ ಮ್ಯಾನ್ಯುಯಲ್ಲನ್ನೋ ಜಪಾನಿಗೆ ಅನುವಾದ ಮಾಡುವಾಗ ಒಂದು ಪದಕ್ಕೆ ಒಂದು ಪದ ಸಿಕ್ಕಿಬಿಡುತ್ತದೆ. ಬೆಂಗಳೂರಿನಲ್ಲಿ ಜಪಾನಿ ಕಲಿತು ಈ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರೇ ಒಂದು ಚರಿತ್ರೆಯ ಪುಸ್ತಕ, ಒಂದು ವಚನ ಅಥವಾ ಮಾನವ ಹಕ್ಕಿನ ಒಂದು ವರದಿ ಕೈಗೆತ್ತಿಕೊಂಡರೆ ಮೊದಲ ಪುಟದಲ್ಲೇ ಕೈ ನಿಲ್ಲುತ್ತದೆ. ಭಿನ್ನಮತೀಯ, ಧರ್ಮಭ್ರಷ್ಟ, ಪಾಷಂಡಿ, ಬಂಡಾಯಗಾರ, ನಾಸ್ತಿಕ: ಇವಕ್ಕೆಲ್ಲ ಏನು ಹಾಕುವುದು?

ಇಂಗ್ಲಿಷಿನ ಡಿಸೆಂಟರ್ ಪದಕ್ಕೆ ನಿಘಂಟು ತೆಗೆದರೆ 'ಹಂತೈಶ' (ವಿರೋಧಿಸುವವನು) ಮತ್ತು 'ಹಿಕೊಕ್ಕ್ಯೋತೊ' ಎರಡೂ ಅಕ್ಕಪಕ್ಕ ಕೂತಿರುತ್ತವೆ. ಮೊದಲನೆಯದು ಫ್ಲೈಓವರ್ ಬೇಡ ಅನ್ನುವವನಿಗೂ ಆಗುತ್ತದೆ. ಎರಡನೆಯದು ಇಂಗ್ಲೆಂಡಿನ ಸರ್ಕಾರಿ ಚರ್ಚಿಗೆ ಸೇರದ ಕ್ರೈಸ್ತರಿಗೆ ಮಾತ್ರ ಹೊಂದುತ್ತದೆ. ಸುಮ್ನೆ ಒಂದನ್ನು ಆರಿಸಿ ಮುಂದೆ ಹೋದರೆ ಓದುಗರಿಗೆ ತಪ್ಪು ಮನುಷ್ಯ ಕಾಣಿಸುತ್ತಾನೆ. ಹಾಗಾಗದಂತೆ ನಾನು ಹೇಗೆ ಕೆಲಸ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

1. ಆತ ದಾಟಿದ ಗೆರೆ ಯಾವುದು?

ನಿಘಂಟು ತೆಗೆಯುವ ಮೊದಲು ಮೂಲದಲ್ಲಿರುವ ಮನುಷ್ಯ ಏನು ಮಾಡಿದ್ದಾನೆ ನೋಡಿ. ಜಪಾನಿ ಭಾಷೆ ಈ ಗೆರೆಗಳನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದೆ.

ಅದೇ ಧರ್ಮದ ಒಳಗಿದ್ದು ತತ್ವವನ್ನು ಬೇರೆ ರೀತಿ ಹೇಳಿದವನು 'ಇತನ್‌ಶ'. 'ಇತನ್' ಪದ ಕನ್ಫ್ಯೂಷಿಯಸ್‌ನ ಮಾತುಗಳ ಸಂಗ್ರಹದಲ್ಲೇ ಇದೆ. ಯುರೋಪಿನ ಚರ್ಚಿನ ಕಥೆ ಹೇಳಲು ಅದನ್ನು ಆಮೇಲೆ ಬಳಸಿಕೊಂಡರು. ಹಾಗಾಗಿ ಧರ್ಮದ್ರೋಹದ ವಿಚಾರಣೆಗೆ 'ಇತನ್ ಶಿಮ್ಮೊನ್' ಅನ್ನುತ್ತಾರೆ. ಆ ಧರ್ಮಕ್ಕೆ ಎಂದೂ ಸೇರದವನು 'ಇಕ್ಯೋತೊ', ಅಂದರೆ ಬೇರೆ ಧರ್ಮದವನು. ಹೊಸಬರು ಈ ಎರಡನ್ನು ಅದಲುಬದಲು ಮಾಡುವುದು ಜಾಸ್ತಿ. ದಕ್ಷಿಣ ಫ್ರಾನ್ಸಿನ ಕ್ಯಾಥರ್ ಪಂಥದವರನ್ನು 'ಇಕ್ಯೋತೊ' ಅಂದರೆ ಅವರು ತಮ್ಮನ್ನು ಕ್ರೈಸ್ತರೆಂದೇ ತಿಳಿದಿದ್ದರು ಅನ್ನುವ ಮುಖ್ಯ ವಿಷಯವೇ ಹೋಗಿಬಿಡುತ್ತದೆ.

ಒಳಗಿದ್ದು ಬಿಟ್ಟುಹೋದವನಿಗೆ 'ಕಿಕ್ಯೋ', 'ಹೈಕ್ಯೋ' ಅಂತ ಬೇರೆಯೇ ಪದಗಳಿವೆ. ಅವನ್ನು ಮುಂದೆ ಬಿಡಿಸಿ ನೋಡೋಣ. ಸಂಸ್ಥೆಯೇ ಹೊರಗೆ ಹಾಕಿದರೆ ಅದು 'ಹಮೊನ್'. ಇದು ಪೋಪ್ ಬಹಿಷ್ಕಾರ ಹಾಕಿದ್ದಕ್ಕೂ ಆಗುತ್ತದೆ, ಗುರು ಶಿಷ್ಯನನ್ನು ಮನೆಯಿಂದ ಹೊರಗೆ ಕಳಿಸಿದ್ದಕ್ಕೂ ಆಗುತ್ತದೆ. ಊರೇ ಸೇರಿ ಮಾತು ಬಿಟ್ಟರೆ 'ಮುರಹಚಿಬು'. ಊರಿನ ಹತ್ತು ವ್ಯವಹಾರದಲ್ಲಿ ಎಂಟನ್ನು ನಿಲ್ಲಿಸಿ, ಬೆಂಕಿ ಬಿದ್ದಾಗ ಮತ್ತು ಸಾವಾದಾಗ ಮಾತ್ರ ಹೋಗುವುದು ಅಂತ ಜನ ಇದನ್ನು ವಿವರಿಸುತ್ತಾರೆ. ನಮ್ಮ ಹಳ್ಳಿಗಳ ಸಾಮಾಜಿಕ ಬಹಿಷ್ಕಾರದ ಸುದ್ದಿಗೆ ಇದು ಚೆನ್ನಾಗಿ ಕೂರುತ್ತದೆ. ಆದರೆ ಬಹಿಷ್ಕಾರ ಜಾತಿಯ ಕಾರಣಕ್ಕೆ ಆಗಿದ್ದರೆ ಅದನ್ನು ವಾಕ್ಯದಲ್ಲಿ ಬಿಡಿಸಿ ಹೇಳಲೇಬೇಕು. ಜಾತಿ ಆ ಪದದೊಳಗೆ ಇಲ್ಲ.

ಸರ್ಕಾರವನ್ನು ಎದುರು ಹಾಕಿಕೊಂಡವರಿಗೆ ಪತ್ರಿಕೆಗಳು ಬಳಸುವುದು 'ಹಂತೈಸೇಹ', ಅಂದರೆ ವ್ಯವಸ್ಥೆಯ ವಿರೋಧಿ ಬಣ. ಸೋವಿಯತ್ ಕಾಲದ ಭಿನ್ನಮತೀಯರ ಬಗ್ಗೆ ಬರೆಯುವ ಜಪಾನಿ ವಿದ್ವಾಂಸರು 'ಇರೊನ್‌ಹ' ಅಂತಲೂ ಬರೆಯುತ್ತಾರೆ. ಅದರ ಅರ್ಥ ಬೇರೆ ಅಭಿಪ್ರಾಯದವರು. ರಷ್ಯನ್ ಮೂಲ ಪದದ ಅರ್ಥವೂ 'ಬೇರೆಯಾಗಿ ಯೋಚಿಸುವವರು' ಎಂದೇ. ನನಗೆ 'ಇರೊನ್‌ಹ' ಜಾಸ್ತಿ ಇಷ್ಟ. ಅವರಲ್ಲಿ ಬಹಳ ಮಂದಿ ಕೇಳಿದ್ದು ಸೋವಿಯತ್ ಸಂವಿಧಾನವನ್ನು ಪಾಲಿಸಿ ಅಂತ. ಅಂಥವರನ್ನು ವ್ಯವಸ್ಥೆಯ ವಿರೋಧಿಗಳು ಅಂದರೆ ಸರ್ಕಾರದ ಮಾತನ್ನೇ ಒಪ್ಪಿಕೊಂಡಂತೆ. ನಂಬಿಕೆಯ ಕಾರಣಕ್ಕೆ ಬಂದೂಕು ಹಿಡಿಯದವನು 'ರ್ಯೋಶಿನ್‌ತೆಕಿ ಹೇಎಕಿ ಕ್ಯೊಹಿಶ'. ಇದು ಸ್ಥಿರವಾದ ಪದ, ಯೋಚನೆ ಬೇಡ.

ಕೋರ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಜಪಾನಿನ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಭಿನ್ನ ತೀರ್ಪಿಗೆ 'ಹಂತೈ ಇಕೆನ್' ಅನ್ನಬೇಕು. ಬರೀ 'ಇಕೆನ್' ಅಂದರೆ ಅಲ್ಲಿ ಬೇರೆ ಅರ್ಥ: ಫಲಿತಾಂಶ ಒಪ್ಪಿ, ಕಾರಣ ಮಾತ್ರ ಬೇರೆ ಕೊಡುವುದು.

2. ಈ ಹೆಸರು ಯಾರ ಬಾಯಿಂದ ಬಂತು?

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಭಿನ್ನಮತದವನಿಗೆ ಕಡಿಮೆ ಅಂದರೂ ಮೂರು ಹೆಸರು ಇರುತ್ತವೆ: ಅಧಿಕಾರ ಕರೆದದ್ದು, ಆತನೇ ಹೇಳಿಕೊಂಡದ್ದು, ಆಮೇಲೆ ಇತಿಹಾಸ ಬರೆದವರು ಕೊಟ್ಟದ್ದು. ಮೂಲದಲ್ಲಿ ಮಾತಾಡುತ್ತಿರುವವರು ಯಾರೋ, ಅನುವಾದದಲ್ಲೂ ಅವರೇ ಮಾತಾಡಬೇಕು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ. 1614ರಲ್ಲಿ ಜಪಾನಿನ ಷೋಗನ್ (ದೇಶ ಆಳುತ್ತಿದ್ದ ಸೇನಾಧಿಪತಿ) ಆಡಳಿತ ಕ್ರೈಸ್ತಧರ್ಮವನ್ನು ದೇಶದಾದ್ಯಂತ ನಿಷೇಧಿಸಿತು. ನಾಗಸಾಕಿಯ ಕಡೆಯ ಒಬ್ಬ ರೈತ ಹಿಂಸೆ ತಾಳಲಾರದೆ ನಂಬಿಕೆ ಬಿಟ್ಟ ಅಂದುಕೊಳ್ಳಿ. ಕನ್ನಡದ ವಾಕ್ಯ ತುಂಬಾ ಸರಳ: 'ಅವನು ಧರ್ಮ ಬಿಟ್ಟ.' ಜಪಾನಿಯಲ್ಲಿ ಇದನ್ನು ಮೂರು ರೀತಿ ಬರೆಯಬಹುದು.

'ಕರೆ ವ ಕೊರೊಂದ.' ಕೊರೊಬು ಅಂದರೆ ಎಡವಿ ಬೀಳು, ಉರುಳು. ಆ ಕಾಲದ ಕಾಗದಪತ್ರಗಳ ಮಾತು ಇದು. ನಂಬಿಕೆ ಬಿಟ್ಟವನಿಂದ ಬರೆಸಿಕೊಂಡ ಮುಚ್ಚಳಿಕೆಗೆ 'ಕೊರೊಬಿ ಶೋಮೊನ್' ಅಂತ ಹೆಸರು. ಬಿಟ್ಟ ಮೇಲೂ ಆತನಿಗೆ ನೆಮ್ಮದಿ ಇರಲಿಲ್ಲ. ಮಕ್ಕಳು ಮೊಮ್ಮಕ್ಕಳನ್ನೂ 'ರುಇಜೊಕು' ಅಂತ ಪಟ್ಟಿ ಮಾಡಿ ಅಧಿಕಾರಿಗಳು ಕಣ್ಣಿಟ್ಟಿದ್ದರು. 1633ರಲ್ಲಿ ಚಿತ್ರಹಿಂಸೆಗೆ ಸೋತ ಪೋರ್ಚುಗೀಸ್ ಪಾದ್ರಿ ಕ್ರಿಸ್ತೊವಾವ್ ಫೆರೇರನನ್ನು 'ಕೊರೊಬಿ ಬತೆರೆನ್' ಅಂದರು, ಅಂದರೆ ಬಿದ್ದುಹೋದ ಪಾದ್ರಿ.

'ಕರೆ ವ ಹೈಕ್ಯೋ ಶಿತ.' ಹೈಕ್ಯೋದ ಮೊದಲ ಅಕ್ಷರದಲ್ಲಿ ಬೆನ್ನು ತಿರುಗಿಸುವ, ದ್ರೋಹ ಮಾಡುವ ಅರ್ಥ ಇದೆ. ಚರ್ಚಿನವರು ನೋವಿನಿಂದ ಅಥವಾ ಸಿಟ್ಟಿನಿಂದ ಬರೆದ ಪತ್ರಕ್ಕೆ ಇದು ಸರಿ.

'ಕರೆ ವ ಕಿಕ್ಯೋ ಶಿತ.' ಕಿಕ್ಯೋ ಅಂದರೆ ನಂಬಿಕೆಯನ್ನು ತೊರೆದದ್ದು, ಅಷ್ಟೇ. ಇಂದಿನ ಇತಿಹಾಸಕಾರರ ಪದ ಇದು, ತೀರ್ಪು ಕೊಡುವುದಿಲ್ಲ.

ಮೂರರಲ್ಲಿ ಯಾವುದು ಸರಿ ಅನ್ನುವುದು ವಾಕ್ಯ ನೋಡಿದರೆ ಗೊತ್ತಾಗುವುದಿಲ್ಲ. ಅದನ್ನು ಹೇಳುತ್ತಿರುವವನು ಅಧಿಕಾರಿಯೋ, ಪಾದ್ರಿಯೋ, ಪ್ರೊಫೆಸರೋ ಗೊತ್ತಾದರೆ ಮಾತ್ರ ಉತ್ತರ ಸಿಗುತ್ತದೆ. ಹೇಳುವವನು ಅದೇ ರೈತನ ಮಗಳಾಗಿದ್ದರೆ? ನಾನಾದರೆ ಆಗ ಈ ಮೂರನ್ನೂ ಬಿಟ್ಟು 'ಶಿಂಕೋ ಒ ಸುತೆತ', ಅಂದರೆ ನಂಬಿಕೆಯನ್ನು ಬಿಟ್ಟ, ಅಂತ ಮನೆಮಾತಿನಲ್ಲಿ ಬರೆಯುತ್ತೇನೆ.

ರಷ್ಯಾದಲ್ಲೂ ಇದೇ ಕಥೆ. 17ನೇ ಶತಮಾನದಲ್ಲಿ ಅಲ್ಲಿನ ಚರ್ಚಿನ ಮುಖ್ಯಸ್ಥ, ಪಾತ್ರಿಯಾರ್ಕ್ ನಿಕೊನ್, ಪೂಜಾವಿಧಿಗಳನ್ನು ಬದಲಿಸಿದಾಗ ಹಳೆಯ ಕ್ರಮ ಬಿಡದವರನ್ನು 1666–67ರ ಚರ್ಚ್ ಸಭೆ ಹೊರಗಿಟ್ಟಿತು. ಅಧಿಕೃತ ಚರ್ಚು ಅವರನ್ನು 'ಒಡೆದು ಹೋದವರು' ಅಂತ ಕರೆಯಿತು. ಅದರ ನೆರಳಿನಲ್ಲಿ ಹಳೆಯ ಜಪಾನಿ ಪುಸ್ತಕಗಳಲ್ಲಿ 'ಬುನ್ರಿಹ' ಅಂತ ಇದೆ. ಈಗ ವಿದ್ವಾಂಸರು 'ಕೊಗಿಶಿಕಿಹ' ಅನ್ನುತ್ತಾರೆ, ಹಳೆಯ ವಿಧಿಯವರು. ಅವರ ಕಣ್ಣಿನಲ್ಲಿ ಒಡೆದುಕೊಂಡು ಹೋದದ್ದು ನಿಕೊನ್ ಕಡೆಯವರು ತಾನೆ? ಅಂದಹಾಗೆ 'ಬುನ್ರಿಹ' ಅಂದರೆ ಕಲೆಯ ಓದುಗರಿಗೆ ವಿಯೆನ್ನಾದ ಚಿತ್ರಕಾರರ ಗುಂಪು ನೆನಪಿಗೆ ಬರುತ್ತದೆ. ಅದೂ ಒಂದು ತೊಡಕು.

ನಾನು ಪ್ರತಿ ಕೆಲಸಕ್ಕೂ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು ಈ ಮೂರೂ ಹೆಸರು ತುಂಬಿಸುತ್ತೇನೆ. ಒಂದು ಕಾಲಂ ಖಾಲಿ ಉಳಿದರೆ ಅದು ಹೆಚ್ಚಾಗಿ 'ಅವರೇ ಹೇಳಿಕೊಂಡದ್ದು' ಅನ್ನುವ ಕಾಲಮ್ಮೇ ಆಗಿರುತ್ತದೆ. ಅದು ತುಂಬುವವರೆಗೆ ಹುಡುಕಿ.

3. ಬಾಲದ ಅಕ್ಷರ ನೋಡಿ

ಜಪಾನಿಯಲ್ಲಿ ಪದದ ಕೊನೆಯ ಅಕ್ಷರವೇ ಎಷ್ಟೋ ಸಲ ತೀರ್ಪು ಹೇಳಿಬಿಡುತ್ತದೆ. 'ಶ' ಅಂದರೆ ವ್ಯಕ್ತಿ, ಸಪ್ಪೆ ಪದ, ಎಲ್ಲಿ ಬೇಕಾದರೂ ನಡೆಯುತ್ತದೆ. 'ಹ' ಅಂದರೆ ಬಣ ಅಥವಾ ಪಂಥ, ಇದೂ ಮಧ್ಯಸ್ಥ. 'ತೊ' ಹಿಂಬಾಲಕರಿಗೆ ಬರುತ್ತದೆ. 'ಶಿಂತೊ' (ಭಕ್ತರು) ಒಳ್ಳೆಯದೇ, ಆದರೆ ಅದೇ ಬಾಲ 'ಬೋತೊ' (ದೊಂಬಿಕೋರರು), 'ಗ್ಯಾಕುತೊ' (ರಾಜದ್ರೋಹಿಗಳು) ಪದಗಳಲ್ಲೂ ಇದೆ. 'ಬುನ್ಶಿ' ಬಂದರೆ ಪೊಲೀಸ್ ಕಡತದ ವಾಸನೆ. 'ಫುಮನ್ ಬುನ್ಶಿ' ಅಂದರೆ ಅಸಮಾಧಾನಗೊಂಡ ಜನ. 'ಇಚಿಮಿ' ಅಂದರೆ ಗ್ಯಾಂಗು. ಸರ್ಕಾರದ ಪ್ರಕಟಣೆಯನ್ನು ಅನುವಾದಿಸುವಾಗ 'ಬುನ್ಶಿ' ಬೇಕಾಗಬಹುದು. ಬೇರೆ ಕಡೆ ಅದು ಬೇಡ.

ಇನ್ನೊಂದು ಬಾಲ 'ಜಿ', ಅಂದರೆ ಮಗು. 'ಇತನ್‌ಶ'ಗೆ ಸುಡುವ ಕಂಬದ ನೆನಪು ಅಂಟಿಕೊಂಡಿದ್ದರೆ 'ಇತನ್‌ಜಿ' ಇವತ್ತಿನ ಪತ್ರಿಕೆಗಳಲ್ಲಿ ಮೆಚ್ಚುಗೆಯ ಮಾತು. ತನ್ನದೇ ದಾರಿ ಹಿಡಿದ ಉದ್ಯಮಿ, ಫುಟ್‌ಬಾಲ್ ಕೋಚ್, ಅಡುಗೆಯವ, ಎಲ್ಲರೂ 'ಇತನ್‌ಜಿ'. ಒಂದು ಅಕ್ಷರ ಬದಲಾದರೆ ಅಪರಾಧಿ ಹೀರೋ ಆಗುತ್ತಾನೆ.

4. ಪದಕ್ಕೆ ಕಾಲ ಅಂಟಿಕೊಂಡಿದೆಯೇ ಪರೀಕ್ಷಿಸಿ

ಜಪಾನಿಗೆ ತನ್ನದೇ ಭಿನ್ನಮತದ ಇತಿಹಾಸ ಇದೆ. ಅದರ ಪದಗಳನ್ನು ಬೇರೆ ದೇಶದ ಕಥೆಗೆ ಹಾಕುವ ಮೊದಲು ಅವುಗಳ ಹಿಂದಿನದ್ದನ್ನು ಓದಿಕೊಳ್ಳಬೇಕು.

1891ರ ಜನವರಿಯಲ್ಲಿ ಉಚಿಮುರ ಕನ್‌ಜೋ ಎಂಬ ಕ್ರೈಸ್ತ ಅಧ್ಯಾಪಕ ಶಿಕ್ಷಣದ ರಾಜಶಾಸನಕ್ಕೆ ಪೂರ್ತಿ ಬಗ್ಗಿ ನಮಸ್ಕರಿಸಲಿಲ್ಲ. ಅದು 'ಫುಕೇ ಜಿಕೆನ್' ಆಯಿತು, ಅಂದರೆ ಚಕ್ರವರ್ತಿಗೆ ಅಗೌರವ ತೋರಿದ ಪ್ರಕರಣ. ಕೆಲಸ ಹೋಯಿತು. ಅವರೇ ಮುಂದೆ ಚರ್ಚ್ ಇಲ್ಲದ ಕ್ರೈಸ್ತಮತ, 'ಮುಕ್ಯೋಕೈ', ಶುರು ಮಾಡಿದರು. 'ಫುಕೇ' ಪದದಲ್ಲಿ ಚಕ್ರವರ್ತಿಯ ನೆರಳು ಇನ್ನೂ ಇದೆ. ಇಂಗ್ಲಿಷಿನ ಬ್ಲಾಸ್ಫೆಮಿಗೆ, ಅಂದರೆ ದೈವನಿಂದೆಗೆ, 'ಬೋತೊಕು' ವಾಸಿ.

1925ರಲ್ಲಿ ಕಮ್ಯುನಿಸ್ಟರಂಥ ಭಿನ್ನಮತದವರನ್ನು ಹತ್ತಿಕ್ಕುವ ಶಾಂತಿಪಾಲನಾ ಕಾನೂನು ಬಂತು, 1945ರಲ್ಲಿ ಹೋಯಿತು. ಈ ನಡುವೆ 1933ರಲ್ಲಿ ಜೈಲಿನಲ್ಲಿದ್ದ ಕಮ್ಯುನಿಸ್ಟ್ ನಾಯಕರಾದ ಸಾನೊ ಮನಬು ಮತ್ತು ನಬೆಯಮ ಸದಚಿಕ ತಮ್ಮ ನಿಲುವು ಬಿಟ್ಟೆವು ಅಂತ ಹೇಳಿಕೆ ಕೊಟ್ಟರು. ಅವರ ಹಿಂದೆ ಎಷ್ಟೋ ಜನ ಹಾಗೇ ಮಾಡಿದರು. ಇದಕ್ಕೆ 'ತೆಂಕೋ' ಅನ್ನುತ್ತಾರೆ. ಪದದ ಮೇಲ್ಮೈಯಲ್ಲಿ ಇರುವುದು 'ದಿಕ್ಕು ಬದಲಿಸುವುದು' ಅಷ್ಟೇ. ಓದುಗರಿಗೆ ಮಾತ್ರ ಜೈಲು, ಪೊಲೀಸ್, ಒತ್ತಾಯ ಎಲ್ಲ ಕಾಣುತ್ತದೆ. ತಾನಾಗಿ ಮನಸ್ಸು ಬದಲಿಸಿದವನಿಗೆ ಈ ಪದ ಹಾಕಿದರೆ ಅನ್ಯಾಯ. ಒತ್ತಾಯಕ್ಕೆ ಸಿಕ್ಕಿ ಮಾತು ಹಿಂತೆಗೆದುಕೊಂಡ ಬೇರೆ ದೇಶದ ಕೈದಿಗಾದರೆ ಇದರಷ್ಟು ಚೆನ್ನಾಗಿ ಹೊಂದುವ ಪದ ಇನ್ನೊಂದಿಲ್ಲ. 'ಹಿಕೊಕುಮಿನ್' ಪದವೂ ಯುದ್ಧಕಾಲದ್ದು. 'ನೀನು ಈ ದೇಶದ ಪ್ರಜೆಯೇ ಅಲ್ಲ' ಅನ್ನುವ ಬೈಗುಳ ಅದು. ನಮ್ಮಲ್ಲಿ ಓಡಾಡುವ 'ದೇಶದ್ರೋಹಿ'ಗೆ ಹಲವು ಸಲ ನೇರ ಹೊಂದುತ್ತದೆ, ಉದ್ಧರಣ ಚಿಹ್ನೆಯ ಒಳಗೆ ಮಾತ್ರ.

ಹೊಸ ಪಂಥಗಳ ವಿಷಯಕ್ಕೆ ಬಂದರೆ, 'ಓಮೊತೊ' ಪಂಥದ ಮೇಲೆ 1921 ಮತ್ತು 1935ರಲ್ಲಿ ಸರ್ಕಾರ ದಾಳಿ ಮಾಡಿದಾಗ ಪತ್ರಿಕೆಗಳು ಬರೆದದ್ದು 'ಜಕ್ಯೋ', ಅಂದರೆ ಕೆಟ್ಟ ಧರ್ಮ. ಯುದ್ಧದ ನಂತರ 'ಶಿಂಕೋ ಶೂಕ್ಯೋ', ಅಂದರೆ ಹೊಸದಾಗಿ ತಲೆಯೆತ್ತಿದ ಧರ್ಮ, ಅನ್ನುವುದು ರೂಢಿಯಾಯಿತು. ಅದರಲ್ಲೂ ಸ್ವಲ್ಪ ತಾತ್ಸಾರ ಇದೆ ಅಂತ ವಿದ್ವಾಂಸರು 'ಶಿನ್ ಶೂಕ್ಯೋ' (ಹೊಸ ಧರ್ಮ) ಹಿಡಿದರು. ನೀವೂ ಅದನ್ನೇ ಹಿಡಿಯಿರಿ.

ನಾಗಸಾಕಿಗೇ ಮರಳಿದರೆ ಇನ್ನೊಂದು ಸೂಕ್ಷ್ಮ ಇದೆ. ನಿಷೇಧದ ಕಾಲದಲ್ಲಿ ಗುಟ್ಟಾಗಿ ನಂಬಿಕೆ ಉಳಿಸಿಕೊಂಡವರು 'ಸೆಂಪುಕು ಕಿರಿಶಿತನ್' (ಕಿರಿಶಿತನ್ ಅಂದರೆ ಕ್ರೈಸ್ತರು). 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ತಾಣಗಳ ಜಪಾನಿ ಹೆಸರಿನಲ್ಲೂ ಇದೇ ಪದ ಇದೆ. 1873ರಲ್ಲಿ ನಿಷೇಧದ ಫಲಕ ಇಳಿಸಿದ ಮೇಲೂ ಕ್ಯಾಥೊಲಿಕ್ ಚರ್ಚಿಗೆ ಮರಳದೆ ಹಿರಿಯರ ಆಚರಣೆಯನ್ನೇ ಮುಂದುವರಿಸಿದವರು 'ಕಕುರೆ ಕಿರಿಶಿತನ್'. ಕಕುರೆ ಅಂದರೆ ಅಡಗಿದವರು, ಆದರೆ ಆಗ ಅವರು ಅಡಗಬೇಕಾಗಿರಲಿಲ್ಲ. ಅದಕ್ಕೇ ಕೆಲವು ಸಂಶೋಧಕರು ಅಡಗುವ ಅರ್ಥದ ಕಾಂಜಿ (ಅರ್ಥ ಹೊತ್ತ ಚೀನೀ ಮೂಲದ ಅಕ್ಷರ) ಬಿಟ್ಟು, ಬರೀ ಉಚ್ಚಾರ ತೋರಿಸುವ ಕತಕನ ಲಿಪಿಯಲ್ಲಿ ಬರೆಯುತ್ತಾರೆ. ಕ್ರಿಸ್ತನ ಚಿತ್ರ ತುಳಿಸುವ ಪದ್ಧತಿಯಲ್ಲೂ ಹೀಗೇ: ತುಳಿಯುವ ಕೆಲಸ 'ಎಬುಮಿ', ತುಳಿಯುವ ಫಲಕ 'ಫುಮಿಎ'.

ಘಟನೆಗಳ ಹೆಸರಿಗೂ ಇದೇ ನಿಯಮ. 1637–38ರ ದಂಗೆಯನ್ನು ಬಹಳ ಕಾಲ 'ಶಿಮಬರ ನೊ ರನ್' ಅಂದರು. 'ರನ್' ಅಂದರೆ ಶಾಂತಿ ಕದಡಿದ್ದು, ಆಳುವವರ ಪದ. ಈಗ 'ಶಿಮಬರ ಅಮಕುಸ ಇಕ್ಕಿ' ಅಂತ ಬರೆಯುವವರೂ ಇದ್ದಾರೆ. 'ಇಕ್ಕಿ' ಅಂದರೆ ಮೂಲದಲ್ಲಿ ಒಂದೇ ಮನಸ್ಸಿನಿಂದ ಆಣೆ ಮಾಡಿ ಸೇರಿದ ಕೂಟ. 1830ರ ದಶಕದ, ಮೈಸೂರು ಸಂಸ್ಥಾನದ 'ನಗರ' ಎಂಬ ಪ್ರಾಂತ್ಯದ ರೈತರ ಬಂಡಾಯವನ್ನು ಜಪಾನಿಗೆ ತರುವುದಾದರೆ ನಾನು 'ನೋಮಿನ್ ಇಕ್ಕಿ' ಅಂತಲೇ ಶುರು ಮಾಡುತ್ತೇನೆ.

5. ನಮ್ಮ ನೆಲದ ಪದಗಳು: ಬೌದ್ಧಧರ್ಮದ ಬಾಗಿಲು

ಕನ್ನಡದಿಂದ ಹೋಗುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಹಳೆಯ ಭಾರತದ ವಾದವಿವಾದದ ಪದಗಳು ಚೀನಾ ದಾಟಿ ಜಪಾನಿಗೆ ಹೋಗಿ ಸಾವಿರ ವರ್ಷದ ಮೇಲಾಗಿದೆ. 'ಶಮೊನ್' ಅಂದರೆ ಶ್ರಮಣ. 'ಜಕೆನ್' ಅಂದರೆ ಮಿಥ್ಯಾದೃಷ್ಟಿ, ನಮ್ಮ ಜೈನ ಕಾವ್ಯಗಳಲ್ಲಿ ಹೆಜ್ಜೆಹೆಜ್ಜೆಗೆ ಸಿಗುವ ಪದ. 'ಜುನ್ಸೆ ಗೆದೋ' ಅಂದರೆ ಲೋಕಾಯತರು, ಅಂದರೆ ಚಾರ್ವಾಕರು. ಸಂಘವನ್ನು ಒಡೆಯುವ ಪಾಪಕ್ಕೂ 'ಹ ವಗೋಸೋ' ಎಂಬ ಪದ ಇದೆ.

ಆದರೆ ಈ ಪದಗಳೆಲ್ಲ ಬೌದ್ಧರ ಬಾಯಿಂದ ಬಂದವು. 'ಗೆದೋ' ಅಂದರೆ ಹೊರಗಿನ ದಾರಿ, ಬುದ್ಧನ ದಾರಿ ಅಲ್ಲದ್ದು. ಬುದ್ಧನ ಕಾಲದ ಆರು ಗುರುಗಳನ್ನು 'ರೊಕುಶಿ ಗೆದೋ' ಅನ್ನುತ್ತಾರೆ. ಆ ಆರರಲ್ಲಿ ಒಬ್ಬರು ಮಹಾವೀರ. ಜೊತೆಗೆ ಇವತ್ತಿನ ಜಪಾನಿಯಲ್ಲಿ 'ಗೆದೋ' ಅಂದರೆ ನೀಚ ಅನ್ನುವ ಬೈಗುಳ. ಮೀನು ಹಿಡಿಯುವವರಲ್ಲಿ ಬೇಡದೆ ಗಾಳಕ್ಕೆ ಬಿದ್ದ ಬೇರೆ ಜಾತಿಯ ಮೀನಿಗೂ ಅದೇ ಹೆಸರು. ಶ್ರವಣಬೆಳಗೊಳದ ಬಗ್ಗೆ ಬರೆಯುವಾಗ ಯಾವುದೋ ಹಳೆಯ ನಿಘಂಟು ನೋಡಿ ಜೈನರಿಗೆ ಈ ಪದ ಹಾಕಿಬಿಟ್ಟರೆ ಎಷ್ಟು ಕೆಟ್ಟದಾಗುತ್ತದೆ ಯೋಚಿಸಿ. 'ಜೈನ ಕ್ಯೋತೊ' ಅನ್ನಿ, ಸಾಕು.

ನಾಸ್ತಿಕ ಪದಕ್ಕೆ ಎಲ್ಲರೂ 'ಮುಶಿನ್‌ರೊನ್‌ಶ' ಹಾಕುತ್ತಾರೆ, ದೇವರಿಲ್ಲ ಅನ್ನುವವನು. ಇವತ್ತಿನ ಪ್ರಬಂಧಕ್ಕೆ ಅದು ಸರಿ. ವೇದವನ್ನು ಪ್ರಮಾಣ ಅಂತ ಒಪ್ಪದವರು ಅನ್ನುವ ಹಳೆಯ ಅರ್ಥಕ್ಕೆ 'ಹಿಸೇತೋಹ' (ಸಂಪ್ರದಾಯಕ್ಕೆ ಸೇರದ ಪಂಥ) ಅಂತ ಬರೆದು, ಎಲ್ಲಿ ಭಿನ್ನ ಅಂತ ಒಂದು ಮಾತು ಸೇರಿಸಿ.

ಪಾಷಂಡ ಪದ ಇನ್ನೂ ದೂರ ನಡೆದು ಬಂದಿದೆ. ಅಶೋಕನ 12ನೇ ಬಂಡೆಶಾಸನದಲ್ಲಿ ಅದು ಯಾವ ಪಂಥವಾದರೂ ಸರಿ, ಎಲ್ಲವನ್ನೂ ಗೌರವದಿಂದ ಕರೆಯುವ ಪದ. ಆ ಶಾಸನದ ಒಂದು ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿದೆ. ಅಲ್ಲಿಗೆ 'ಶೂಹ' ಹಾಕಬೇಕು, ಅಂದರೆ ಪಂಥ. ಪುರಾಣಗಳ ಕಾಲಕ್ಕೆ ಬಂದಾಗ ಅದೇ ಪದ ಬೈಗುಳವಾಗಿದೆ, ಅಲ್ಲಿ 'ಇತನ್'.

ಇನ್ನು ಶರಣ. ಇದು ತಾವೇ ಇಟ್ಟುಕೊಂಡ ಹೆಸರು. 12ನೇ ಶತಮಾನದ ಕಲ್ಯಾಣದವರನ್ನು 'ಇತನ್‌ಶ' ಅಂದರೆ ಅವರನ್ನು ವಿರೋಧಿಸಿದವರ ಕಡೆ ನಿಂತು ನೋಡಿದ ಹಾಗೆ. ಜಪಾನಿ ಬೌದ್ಧಧರ್ಮದಲ್ಲಿ ಶರಣು ಹೋಗುವುದಕ್ಕೆ 'ಕಿಎ' ಅನ್ನುತ್ತಾರೆ, ತ್ರಿಶರಣಕ್ಕೆ 'ಸಂಕಿಎ'. ಹಾಗಾಗಿ 'ಕಿಎಶ' ತುಂಬಾ ಹತ್ತಿರ ಬರುತ್ತದೆ. ಬುದ್ಧನ ನೆನಪೂ ಜೊತೆಗೆ ಬರುತ್ತದೆ ಅನ್ನುವುದೊಂದೇ ತೊಂದರೆ. 'ಭವಿ' ಪದವನ್ನು 'ಇಕ್ಯೋತೊ' ಮಾಡಬೇಡಿ. ಲಿಂಗ ಧರಿಸದ, ಭವದಲ್ಲೇ ಉಳಿದವನು ಅನ್ನುವ ಅರ್ಥ ಪೂರ್ತಿ ಕಳೆದುಹೋಗುತ್ತದೆ.

ದಲಿತ ಪದಕ್ಕೆ 'ದರಿತೊ' ಅಂತ ಕತಕನದಲ್ಲೇ ಬರೆಯಿರಿ. 'ಫುಕಶೊಕುಮಿನ್' ಅಂದರೆ ಮುಟ್ಟಬಾರದವರು, ಅದು ಹೊರಗಿನವರು ಹಾಕಿದ ಹಣೆಪಟ್ಟಿ. ಓದುಗರಿಗೆ ಅರ್ಥವಾಗಲಿ ಅಂತ ಜಪಾನಿನಲ್ಲಿ ಹುಟ್ಟಿನ ಕಾರಣಕ್ಕೆ ತಾರತಮ್ಯ ಅನುಭವಿಸಿದ ಸಮುದಾಯದ 'ಬುರಾಕು' ಪದ ತರುವುದೂ ಬೇಡ. ಅಲ್ಲಿನ ತಾರತಮ್ಯಕ್ಕೆ ಅದರದ್ದೇ ನೋವು, ಅದರದ್ದೇ ಹೋರಾಟ ಇದೆ. 1922ರಲ್ಲಿ ಕ್ಯೋಟೊದಲ್ಲಿ ಹುಟ್ಟಿದ 'ಸುಇಹೇಶ' ಸಂಘಟನೆಯಿಂದ ಇಂದಿನವರೆಗೆ ಅದು ನಡೆದು ಬಂದಿದೆ. ಹೋಲಿಸಬೇಕಾದರೆ ಲೇಖನದ ಒಳಗೆ ಹೋಲಿಸಿ, ಪದ ಬದಲಿಸಬೇಡಿ.

6. ಎರಡೂ ಬೇಕಾದಾಗ ರುಬಿ

ಜಪಾನಿ ಅಚ್ಚಿನಲ್ಲಿ ಕಾಂಜಿಯ ಮೇಲೆ ಸಣ್ಣಕ್ಷರದಲ್ಲಿ ಉಚ್ಚಾರ ಬರೆಯುತ್ತಾರೆ, ಅದಕ್ಕೆ 'ರುಬಿ' ಅಥವಾ 'ಫುರಿಗನ' ಅನ್ನುತ್ತಾರೆ. ಅನುವಾದಕರಿಗೆ ಇದು ವರ. ಕೆಳಗೆ 'ಕಿಎಶ' ಕಾಂಜಿ ಇಟ್ಟು, ಮೇಲೆ ಕತಕನದಲ್ಲಿ 'ಶರನ' ಅಂತ ಬರೆದರೆ ಅರ್ಥವೂ ಬಂತು, ಅವರ ಹೆಸರೂ ಉಳಿಯಿತು. ಮೊದಲ ಸಲ ಬಂದಾಗ ಮಾತ್ರ ರುಬಿ ಹಾಕಿ, ಮುಂದೆ ಬರೀ ಕತಕನ ಸಾಕು. ಪುಟ ತುಂಬ ರುಬಿ ಇದ್ದರೆ ಕಣ್ಣಿಗೆ ಕಷ್ಟ. ಅನುವಾದಕರ ಟಿಪ್ಪಣಿ, 'ಯಾಕುಚೂ', ಒಂದೆರಡು ಸಾಲು ಮೀರದಿರಲಿ. ಪದದ ಅರ್ಥ ಹೇಳುವುದಕ್ಕಿಂತ ಆ ಹೆಸರನ್ನು ಯಾರು ಕೊಟ್ಟರು ಅಂತ ಅದರಲ್ಲಿ ಹೇಳಿ.

7. ಕೊಡುವ ಮೊದಲು

ಆರಿಸಿದ ಪದವನ್ನು ಜಪಾನಿನ ರಾಷ್ಟ್ರೀಯ ಭಾಷಾ ಸಂಸ್ಥೆಯ ಕಾರ್ಪಸ್‌ನಲ್ಲಿ (ಬಳಕೆಯ ಬರಹಗಳ ದೊಡ್ಡ ಸಂಗ್ರಹ) ಹುಡುಕಿ, ಅಕ್ಕಪಕ್ಕ ಯಾವ ಪದ ಬರುತ್ತವೆ ನೋಡಿ. 'ದಮನ', 'ಬಂಧನ' ಬರುತ್ತಿವೆಯೋ, 'ಪ್ರತಿಭೆ', 'ಹೊಸತನ' ಬರುತ್ತಿವೆಯೋ? ಐದು ನಿಮಿಷದ ಕೆಲಸ, ನಿಘಂಟು ಹೇಳದ್ದನ್ನೆಲ್ಲ ಹೇಳುತ್ತದೆ. ಆಮೇಲೆ ಒಬ್ಬ ಜಪಾನಿ ಓದುಗರಿಗೆ ಆ ಪ್ಯಾರಾ ಕೊಡಿ. 'ಪದ ಸರಿಯಿದೆಯಾ?' ಅಂತ ಕೇಳಬೇಡಿ, ಎಲ್ಲರೂ 'ದೈಜೋಬು' (ಪರವಾಗಿಲ್ಲ) ಅಂದುಬಿಡುತ್ತಾರೆ. 'ಇದನ್ನು ಬರೆದವರು ಈ ಜನರ ಪರವೋ, ವಿರುದ್ಧವೋ?' ಅಂತ ಕೇಳಿ. ಮೂಲದ ನಿಲುವಿಗೂ ಅವರ ಉತ್ತರಕ್ಕೂ ತಾಳೆಯಾಗದಿದ್ದರೆ ಹೆಚ್ಚಾಗಿ ತೊಂದರೆ ಇರುವುದು ಬಾಲದ ಅಕ್ಷರದಲ್ಲಿ. ಮೊದಲು ಅದನ್ನು ತಿದ್ದಿ ನೋಡಿ.

ಬದುಕಿರುವ ಜನರ ಬಗ್ಗೆ ಬರೆಯುತ್ತಿದ್ದರೆ ಇನ್ನೊಂದು ಕೆಲಸ ಬಾಕಿ ಇದೆ. ಅವರು ತಮ್ಮ ಕರಪತ್ರದಲ್ಲಿ, ಬ್ಯಾನರಿನಲ್ಲಿ ತಮ್ಮನ್ನು ಏನಂತ ಕರೆದುಕೊಂಡಿದ್ದಾರೆ ನೋಡಿ. ಆಗುವುದಾದರೆ ಅವರನ್ನೇ ಕೇಳಿ, ನೀವು ಆರಿಸಿದ ಜಪಾನಿ ಪದದ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ಅವರು ಬೇಡ ಅಂದ ಪದವನ್ನು ಸಂಪಾದಕರು ಚಿಕ್ಕದಾಗಿದೆ ಅಂತ ಕೇಳಿದರೂ ಶೀರ್ಷಿಕೆಗೆ ಬಿಟ್ಟುಕೊಡಬೇಡಿ.